ವಠಾರಕ್ಕೆ ಪರ್ಮಿಷನ್ ಇಲ್ಲ

ಇವತ್ತಿನ ಮಾತು ಮನೆಯ ಬಗ್ಗೆ. ರಿಯಲ್ ಎಸ್ಟೇಟ್ ಜಾಹೀರಾತಿನಲ್ಲಿ ಬರುವ ಮನೆ ಬೇರೆ. ನಾನು ಹೇಳ್ತಿರೋದು ಬಾಡಿಗೆಗೆ ಸಿಗಬೇಕಾದ, ಆದರೆ ಸಿಗದೇ ಇರೋ ಸಣ್ಣ ಮನೆಯ ವಿಷಯ.

ಬಸವನಗುಡಿಯ ಯಾವುದಾದರೂ ಅಡ್ಡರಸ್ತೆಯಲ್ಲಿ, ಮಲ್ಲೇಶ್ವರದ ಯಾವುದಾದರೂ ಕ್ರಾಸಿನಲ್ಲಿ, ಚಾಮರಾಜಪೇಟೆಯ ಯಾವುದಾದರೂ ಮೇನಿನಲ್ಲಿ ಹತ್ತು ನಿಮಿಷ ನಡೆಯಿರಿ. ಎಲ್ಲೋ ಒಂದು ಕಡೆ ಹಸಿರು ಬಲೆ ಕಟ್ಟಿರುತ್ತೆ. ಒಳಗೆ ಮಂಗಳೂರು ಹೆಂಚು, ಮಂಕಿ ಟಾಪ್ ಕಿಟಕಿ, ತೇಗದ ತೊಲೆ ಎಲ್ಲ ರಾಶಿ ಬಿದ್ದಿರುತ್ತೆ. ಆರು ತಿಂಗಳು ಬಿಟ್ಟು ಬಂದರೆ ಅಲ್ಲೊಂದು ಗಾಜಿನ ಬಾಲ್ಕನಿಯ ಕಟ್ಟಡ ಎದ್ದಿರುತ್ತೆ. ನಾವೆಲ್ಲ "ಅಯ್ಯೋ, ಎಂಥಾ ಹಳೇ ಮನೆ ಹೋಯ್ತು" ಅಂತೀವಿ. ಫೋಟೋ ಹಾಕ್ತೀವಿ.

ಆ ಹಳೇ ಮನೆಯ ಹಿಂದೆ ಇನ್ನೊಂದು ವಸ್ತು ಇರ್ತಿತ್ತು. ಅದು ಹೋದಾಗ ಯಾರೂ ಫೋಟೋ ಹಾಕಲಿಲ್ಲ. ಅದರ ಹೆಸರು ವಠಾರ.

ಈಗಿನ ಹುಡುಗರಿಗೆ ಹೇಳಬೇಕು. ವಠಾರ ಅಂದ್ರೆ ಒಂದೇ ಗೇಟು, ಒಳಗೆ ನಡುವೆ ಓಣಿಯಂಥ ಅಂಗಳ, ಎರಡೂ ಕಡೆ ಸಾಲು ಮನೆಗಳು. ಒಂದು ನಡುಮನೆ, ಒಂದು ಅಡುಗೆಮನೆ, ಅಷ್ಟೇ. ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಬಟ್ಟೆ ಒಗೆಯೋ ಕಲ್ಲು, ಹಿಂದೆ ಕಕ್ಕಸು. ಮುಂದಿನ ದೊಡ್ಡ ಮನೆಯಲ್ಲಿ ಓನರು. ನಲ್ಲಿಯ ಹತ್ತಿರ ಜಗಳ, ಹಬ್ಬದ ದಿನ ಪಾಯಸದ ವಿನಿಮಯ. ಈ ಹೆಸರಲ್ಲೇ ಕನ್ನಡದಲ್ಲಿ ಟೀವಿ ಧಾರಾವಾಹಿ ಬಂದಿತ್ತು, ಮನೆಮನೆಯಲ್ಲೂ ನಕ್ಕಿದ್ರು. ನಗು ಬಂದಿದ್ದು ಯಾಕೆ ಅಂದ್ರೆ ನೋಡುವವರ ಪೈಕಿ ಎಷ್ಟೋ ಜನ ಅಂಥ ಕಡೆಯಿಂದಲೇ ಬಂದವರು.

ಅಲ್ಲಿ ಯಾರಿರ್ತಿದ್ರು? ಗುಮಾಸ್ತರು, ಶಾಲೆ ಮೇಷ್ಟ್ರು, ಅಡುಗೆಯವರು, ಪ್ರೆಸ್ಸಿನಲ್ಲಿ ಮೊಳೆ ಜೋಡಿಸೋರು, ಹಳ್ಳಿಯಿಂದ ಓದಲು ಬಂದ ಹುಡುಗರು. ವಾರಾನ್ನ ಮಾಡಿಕೊಂಡು, ಅಂದ್ರೆ ದಿನಕ್ಕೊಂದು ಮನೆಯಲ್ಲಿ ಊಟ ಮಾಡಿಕೊಂಡು ಓದಿದ ಹುಡುಗರಿಗೂ ತಲೆ ಇಡಲು ಈ ಭಾಗದಲ್ಲಿ ಒಂದು ಮೂಲೆ ಸಿಗ್ತಿತ್ತು. ಸರ್ಕಾರದ ಯಾವ ಯೋಜನೆಯೂ ಇಲ್ಲದೆ, ಸಬ್ಸಿಡಿ ಇಲ್ಲದೆ, ಹಳೇ ಬೆಂಗಳೂರು ತನ್ನ ಕೆಳ ಮಧ್ಯಮ ವರ್ಗಕ್ಕೆ ಊರ ನಡುವೆಯೇ ಮನೆ ಕೊಟ್ಟಿದ್ದು ವಠಾರದಿಂದ.

ಈಗ ನನ್ನ ಪ್ರಶ್ನೆ. ಇವತ್ತು ನಿಮ್ಮ ಹತ್ತಿರ ಬಸವನಗುಡಿಯಲ್ಲಿ ಒಂದು ನಿವೇಶನ ಇದೆ, ಅದರಲ್ಲಿ ಒಂದು ಒಳ್ಳೇ ವಠಾರ ಕಟ್ಟಬೇಕು ಅಂತ ಮನಸ್ಸಿದೆ. ಮನೆಗೊಂದು ಬಚ್ಚಲು, ಒಂದು ಟಾಯ್ಲೆಟ್, ಗಾಳಿ, ಬೆಳಕು ಎಲ್ಲ ಇರೋ ವಠಾರ. ಕಾನೂನು ಪ್ರಕಾರ ಕಟ್ಟೋಕಾಗುತ್ತಾ?

ಲೆಕ್ಕ ಹಾಕೋಣ. ನಾನು ಇಂಜಿನಿಯರಿಂಗ್ ಓದಿ ಈ ಕೆಲಸಕ್ಕೆ ಬಂದವನು. ಕ್ಯಾಲ್ಕ್ಯುಲೇಟರ್ ಇನ್ನೂ ಕೈ ಬಿಟ್ಟಿಲ್ಲ.

ನಲವತ್ತು ಅರವತ್ತರ ಸೈಟು. 2,400 ಚದರಡಿ. ನಾವು ಇನ್ನೂ ನಡೆಸಿಕೊಂಡು ಹೋಗ್ತಿರೋ 2007ರ ಮಾಸ್ಟರ್ ಪ್ಲಾನಿನಲ್ಲಿ ಇಂಥ ನಿವೇಶನಕ್ಕೆ ಎಫ್‌ಎಆರ್ 1.75. ಎಫ್‌ಎಆರ್ ಅಂದ್ರೆ ಗಾಬರಿ ಬೇಡ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಗುಣಕ, ಅಷ್ಟೇ. 2,400ನ್ನು 1.75ರಿಂದ ಗುಣಿಸಿ. 4,200 ಚದರಡಿ ಬಂತು. ಮೂರು ಮಹಡಿ ಅಂದ್ರೆ ಮಹಡಿಗೆ 1,400. ಮೆಟ್ಟಿಲಿಗೆ, ಓಡಾಟಕ್ಕೆ 200 ಬಿಡಿ. ಉಳಿದ 1,200ರಲ್ಲಿ 400 ಚದರಡಿಯ ಮೂರು ಮನೆ. ಮೂರು ಮಹಡಿಗೆ ಒಟ್ಟು ಒಂಬತ್ತು ಮನೆ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಬಚ್ಚಲು. ಹಳೇ ವಠಾರಕ್ಕೆ ಹೋಲಿಸಿದರೆ ಇದು ಅರಮನೆ.

ಕಾಗದದ ಮೇಲೆ ಲೆಕ್ಕ ಕೂಡಿತು. ಈಗ ನಿಯಮ ಒಳಗೆ ಬರುತ್ತೆ. ಮನೆಗಳ ಸಂಖ್ಯೆ ಏರಿದ ಹಾಗೆ ಇಷ್ಟು ಕಾರಿಗೆ ಜಾಗ ತೋರಿಸು ಅನ್ನುತ್ತೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. ಸುಮಾರು 148 ಚದರಡಿ. ಅದು ತಿರುಗಲು, ಹೊರಗೆ ಬರಲು ಮತ್ತಷ್ಟು. ನಾಲ್ಕೈದು ಕಾರು ಅನ್ನುವ ಹೊತ್ತಿಗೆ ಇಡೀ ನೆಲಮಹಡಿ ಹೋಯ್ತು. ಮನೆಗಳು ಕಂಬದ ಮೇಲೆ ಹತ್ತಬೇಕು. ಕಟ್ಟಡ ಒಂದು ಮಹಡಿ ಎತ್ತರವಾಯ್ತು, ಲಿಫ್ಟ್ ಬಂತು, ಖರ್ಚು ಏರಿತು. ಬಾಡಿಗೆ ಸುಮ್ಮನೆ ಕೂತಿರುತ್ತಾ?

148 ಚದರಡಿ ಅಂದ್ರೆ ಎಷ್ಟು ಗೊತ್ತಾ? ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಒಂದು ಕೋಣೆ. ವಠಾರದಲ್ಲಿ ಅಂಥ ಕೋಣೆಯಲ್ಲಿ ಗಂಡ, ಹೆಂಡತಿ, ಮೂರು ಮಕ್ಕಳು ಮಲಗ್ತಿದ್ರು. ಇವತ್ತು ಅಷ್ಟು ಜಾಗವನ್ನು ನಾವು ಕಡ್ಡಾಯವಾಗಿ ಕೊಡ್ತಿರೋದು ಕಾರಿಗೆ. ಆ ಮನೆಗೆ ಬರುವ ನರ್ಸಮ್ಮನ ಹತ್ತಿರ ಕಾರು ಇದೆಯಾ ಇಲ್ಲವಾ ಅಂತ ಯಾರೂ ಕೇಳಲ್ಲ.

ಅದೇ ಸೈಟಿನಲ್ಲಿ ಒಬ್ಬರೇ 4,200 ಚದರಡಿಯ ಬಂಗಲೆ ಕಟ್ಟಲಿ. ಲಿಫ್ಟು, ಹೋಮ್ ಥಿಯೇಟರ್, ಕೆಳಗೆ ಎರಡು ಕಾರು. ಎಲ್ಲ ಸಲೀಸು. ಅಷ್ಟೇ ನೆಲ, ಅಷ್ಟೇ ಎತ್ತರ, ಅಷ್ಟೇ ಸಿಮೆಂಟು. ಒಂದರಲ್ಲಿ ಒಂಬತ್ತು ಸಂಸಾರ, ಇನ್ನೊಂದರಲ್ಲಿ ಒಂದು. ನಮ್ಮ ನಿಯಮಕ್ಕೆ ಒಂಬತ್ತು ಸಂಸಾರದ್ದೇ ಸಮಸ್ಯೆ.

ಹಾಗಾದರೆ ಸಣ್ಣ ಮನೆ ಕಟ್ಟೋರೇ ಇಲ್ವಾ? ಇದ್ದಾರೆ. ಪ್ಲಾನಿನಲ್ಲಿ ಎರಡು ಮಹಡಿ ತೋರಿಸಿ, ನಾಲ್ಕೋ ಐದೋ ಎಬ್ಬಿಸಿ, ಪಕ್ಕದ ಗೋಡೆಗೆ ಗೋಡೆ ಅಂಟಿಸಿ, ಒಂದೇ ಇಕ್ಕಟ್ಟು ಮೆಟ್ಟಿಲು ಇಟ್ಟು ಕಟ್ಟುತ್ತಾರೆ. ಬೆಂಕಿ ಬಿದ್ದರೆ ಓಡಲು ದಾರಿ ಇಲ್ಲ. ಕಾನೂನು ದಾರಿ ಕಷ್ಟವಾಗಿದ್ದರಿಂದ ಸಣ್ಣ ಮನೆ ಅನ್ನೋದೇ ಈ ಊರಲ್ಲಿ ಅಕ್ರಮ ಕಟ್ಟಡದ ಇನ್ನೊಂದು ಹೆಸರಾಯಿತು.

ಸರ್ಕಾರ ಅದಕ್ಕೆ ಕಂಡುಕೊಂಡ ಮದ್ದು ಅಕ್ರಮ-ಸಕ್ರಮ. ವಸತಿ ಕಟ್ಟಡದಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡೋ ಯೋಜನೆ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂದಿತು. ಬೆಂಗಳೂರಲ್ಲಿ ಹಾಹಾಕಾರ ಎದ್ದಿತು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು.

ಇಲ್ಲಿ ಯಾರ ಮೇಲೆ ಕೂಗಾಡುವುದೂ ನನ್ನ ಉದ್ದೇಶ ಅಲ್ಲ. ಕೋರ್ಟು ಹೇಳಿದ್ದು ಸರಿ, ಜೀವಕ್ಕೆ ಅಪಾಯ ಇರೋ ಕಟ್ಟಡಕ್ಕೆ ಮೀಟರ್ ಕೊಡಬಾರದು. ಸರ್ಕಾರ ಕೊಟ್ಟ ವಿನಾಯಿತಿಯೂ ಅರ್ಥವಾಗುತ್ತೆ, ಲಕ್ಷಾಂತರ ಜನ ಕತ್ತಲಲ್ಲಿ ಕೂರೋಕಾಗಲ್ಲ. ಆದರೆ ಒಮ್ಮೆ ದಂಡ, ಒಮ್ಮೆ ತಡೆ, ಒಮ್ಮೆ ವಿನಾಯಿತಿ ಅಂತ ಇಷ್ಟು ವರ್ಷ ತಿರುಗಿದ ಮೇಲೂ ಮೂಲ ನಿಯಮ ಹಾಗೇ ಕೂತಿದೆ. ಕರಡು ಮಾಸ್ಟರ್ ಪ್ಲಾನ್ 2031 ಅಂತ 2017ರಲ್ಲಿ ಹೊರಗೆ ಬಂತು, 2020ರಲ್ಲಿ ವಾಪಸ್ ಹೋಯ್ತು. 2015ಕ್ಕೆ ಮುಗಿಯಬೇಕಿದ್ದ ನಕ್ಷೆಯನ್ನೇ ಇಟ್ಟುಕೊಂಡು ಈ ಮಹಾನಗರ ಮನೆ ಕಟ್ಟುತ್ತಿದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕಂದ್ರೆ ಈ ಬಡಾವಣೆಗಳು ಹುಟ್ಟಿದ್ದೇ ವಸತಿಯ ಬಿಕ್ಕಟ್ಟಿನಿಂದ. ಚಾಮರಾಜಪೇಟೆ 1892ರದ್ದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು, ಊರು ಬಿಟ್ಟು ಓಡಿದರು. ಆಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳ ಕೆಲಸಕ್ಕೆ ವೇಗ ಬಂದದ್ದು. ಅಗಲ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಕಷ್ಟ ಬಂದಾಗ ಊರಿನ ನಕ್ಷೆಯನ್ನೇ ಬದಲಿಸುವ ಧೈರ್ಯ ಆಗಿನ ಮೈಸೂರು ಸರ್ಕಾರಕ್ಕಿತ್ತು.

ಹಾಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಆ ಬಡಾವಣೆಗಳಲ್ಲಿ ಜಾತಿ, ಸಮುದಾಯ ನೋಡಿ ಜಾಗ ಹಂಚಿದ್ದೂ ಇದೆ. ಆ ಹಿತ್ತಿಲ ಗಲ್ಲಿ ಯಾಕಿತ್ತು ಅಂದ್ರೆ, ಕಕ್ಕಸು ಬಾಚುವವರು ಮುಂಬಾಗಿಲ ಕಡೆ ಬರದೆ ಹಿಂದಿನಿಂದ ಬಂದು ಹೋಗಲಿ ಅಂತ. ಅವರಿಗೆ ನಕ್ಷೆಯಲ್ಲಿ ಗಲ್ಲಿ ಇತ್ತು, ಮನೆ ಇರಲಿಲ್ಲ. ವಠಾರದ ಗೇಟಿನಲ್ಲೂ ಹೆಸರು ಕೇಳಿ, ಅಡುಗೆಮನೆಯಲ್ಲಿ ಏನು ಬೇಯುತ್ತೆ ಅಂತ ಕೇಳಿಯೇ ಒಳಗೆ ಬಿಡ್ತಿದ್ದಿದ್ದು. "ಸಸ್ಯಾಹಾರಿಗಳಿಗೆ ಮಾತ್ರ" ಅನ್ನೋ ಬೋರ್ಡು ಇವತ್ತೂ ಅದೇ ಬೀದಿಗಳಲ್ಲಿ ನೇತಾಡ್ತಿದೆ. ಹೊಸ ವಠಾರ ಕಟ್ಟುವುದಾದರೆ ಆ ಬೋರ್ಡು ಇಲ್ಲದೆ ಕಟ್ಟೋಣ.

ಇನ್ನು, ಸರ್ಕಾರ ಬಡವರಿಗೆ ಮನೆ ಕಟ್ಟುತ್ತಿಲ್ಲವಾ ಅಂತ ನೀವು ಕೇಳಬಹುದು. ಕಟ್ಟುತ್ತಿದೆ. 2017ರಲ್ಲಿ ಘೋಷಣೆಯಾದ ಒಂದು ಲಕ್ಷ ಬಹುಮಹಡಿ ಮನೆಗಳ ಯೋಜನೆ ಇದೆ. ಜಾಗ ಸಿಕ್ಕಿದ್ದು ಊರ ಹೊರಗೆ. ಆದರೆ ಗಾಂಧಿ ಬಜಾರಿನ ಹೂವಿನ ಅಂಗಡಿ ಊರ ಹೊರಗಿಲ್ಲ. ಅಡುಗೆ ಮಾಡುವ ಅಕ್ಕ ಬೆಳಿಗ್ಗೆ ಏಳಕ್ಕೆ ನಿಮ್ಮ ಮನೆ ಬಾಗಿಲಲ್ಲಿರಬೇಕು. ಪೌರಕಾರ್ಮಿಕರು ಇನ್ನೂ ಮುಂಚೆ ರಸ್ತೆಯಲ್ಲಿರಬೇಕು. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಆ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ ಉಳಿಯಿತು, ಒಳ್ಳೇದೇ. ಬಸ್ಸಿನಲ್ಲಿ ಕಳೆಯುವ ಹೊತ್ತು ಉಳಿಯಲಿಲ್ಲ. ಮಗು ಎದ್ದಾಗ ಅಮ್ಮ ಮನೆಯಲ್ಲಿಲ್ಲ, ಮಲಗುವಾಗಲೂ ಬಂದಿರಲ್ಲ.

ಇನ್ನೊಂದು ಕಡೆ, ಸಾವಿರಾರು ಕೋಟಿ ಸುರಿದು ನಮ್ಮದೇ ತೆರಿಗೆಯಲ್ಲಿ ಮೆಟ್ರೋ ತಂದಿದ್ದೀವಿ. ಮಲ್ಲೇಶ್ವರದ ಅಂಚಿನ ಸಂಪಿಗೆ ರಸ್ತೆ ನಿಲ್ದಾಣ 2014ರಲ್ಲಿ ಶುರುವಾಯ್ತು. ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್ 2017ರಲ್ಲಿ. ಊರಲ್ಲೇ ಅತ್ಯಂತ ಹೆಚ್ಚು ಸೌಕರ್ಯ ಇರೋ ಜಾಗ ಇದು. ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಪಾರ್ಕು, ರೈಲು. ಅಲ್ಲಿ ಮನೆಗಳ ಸಂಖ್ಯೆಗೆ ಕಡಿವಾಣ ಹಾಕಿ, ಸೌಕರ್ಯ ಇಲ್ಲದ ಅಂಚಿನಲ್ಲಿ ಬಡವರಿಗೆ ಮನೆ ಕಟ್ಟೋದು ಯಾವ ಇಂಜಿನಿಯರಿಂಗು?

ಈಗ ಹಿರಿಯ ನಿವಾಸಿಗಳ ಮಾತು ಕೇಳೋಣ. ಈ ಕಾರ್ಯಕ್ರಮದ ಮೇಲೆ ಅವರಿಗೆ ಸಿಟ್ಟು ಬರುತ್ತೆ ಅಂತ ನನಗೆ ಗೊತ್ತು. ಬಸವನಗುಡಿ, ಮಲ್ಲೇಶ್ವರದ ನಾಗರಿಕ ಸಂಘಗಳು ಈ ಊರಿಗೆ ದೊಡ್ಡ ಉಪಕಾರ ಮಾಡಿವೆ. ಮರ ಉಳಿಸಿದ್ದಾರೆ, ರಸ್ತೆ ಅಗಲೀಕರಣ ತಡೆದಿದ್ದಾರೆ. ಮನೆಗಳ ಸಾಲಿನಲ್ಲಿ ಪಬ್ಬು, ಶೋರೂಮು ಬೇಡ ಅಂತ ನಗರದ ಹಲವು ನಿವಾಸಿ ಸಂಘಗಳು ಹೈಕೋರ್ಟ್ ಮೆಟ್ಟಿಲೇರಿವೆ. ಅವರ ಭಯ ಸುಳ್ಳಲ್ಲ. ಒಳಚರಂಡಿ ಪೈಪು ಹಳೇದು. ಬೇಸಿಗೆಯಲ್ಲಿ ನೀರು ಸಾಲಲ್ಲ. ಪಕ್ಕದಲ್ಲಿ ಎತ್ತರದ ಕಟ್ಟಡ ಎದ್ದರೆ ಅಂಗಳದ ತುಳಸಿಗೆ ಬಿಸಿಲು ಬೀಳಲ್ಲ.

ಅವರಿಗೆ ನಾನು ಕೈ ಮುಗಿದು ಹೇಳೋದು ಇಷ್ಟು. ನಾನು ಎತ್ತರ ಕೇಳ್ತಿಲ್ಲ. ಈಗ ಕಾನೂನು ಒಪ್ಪುವ ಕಟ್ಟಡದ ಅಳತೆಯೊಳಗೇ ಬಾಗಿಲುಗಳು ಹೆಚ್ಚಾಗಲಿ ಅಂತಿದ್ದೀನಿ. ಕಾರಿನ ಮಹಡಿ ಹೋದರೆ ಕಟ್ಟಡ ಒಂದು ಮಹಡಿ ತಗ್ಗುತ್ತೆ, ನಿಮ್ಮ ತುಳಸಿಗೆ ಬಿಸಿಲೂ ಬೀಳುತ್ತೆ. ನೀರು, ಚರಂಡಿಯ ಮೇಲೆ ಭಾರ ಬೀಳೋದು ನಿಜ, ಅದಕ್ಕೆ ಶುಲ್ಕ ಕಟ್ಟಿಸಿಕೊಳ್ಳಿ, ಆ ದುಡ್ಡು ಅದೇ ವಾರ್ಡಿನ ಪೈಪಿಗೇ ಖರ್ಚಾಗಲಿ. ಮತ್ತೆ ಇನ್ನೊಂದು. ನಿಮ್ಮ ಮಕ್ಕಳು ಬೇರೆ ದೇಶದಲ್ಲಿ, ದೊಡ್ಡ ಮನೆಯಲ್ಲಿ ನೀವಿಬ್ಬರೇ. ಅಣ್ಣ ತಮ್ಮಂದಿರ ಭಾಗ ಆಗಬೇಕು ಅಂದಾಗ ಈಗ ಉಳಿದಿರೋ ದಾರಿ ಒಂದೇ: ಬಿಲ್ಡರ್ ಜತೆ ಜೆಡಿ, ಅಂದ್ರೆ ಜಂಟಿ ಅಭಿವೃದ್ಧಿ ಒಪ್ಪಂದ. ಮನೆ ನೆಲಸಮ, ಮೂರು ಬೆಡ್‌ರೂಮಿನ ನಾಲ್ಕು ಫ್ಲ್ಯಾಟು.

ಇನ್ನೊಂದು ದಾರಿಯ ಲೆಕ್ಕ ತೋರಿಸ್ತೀನಿ. ಕಟ್ಟುವ ಖರ್ಚು ಚದರಡಿಗೆ 2,500 ರೂಪಾಯಿ ಅಂತ ಉದಾಹರಣೆಗೆ ಹಿಡಿಯಿರಿ. 400 ಚದರಡಿಯ ಮನೆಗೆ 10 ಲಕ್ಷ. ತಿಂಗಳಿಗೆ 12,000 ಬಾಡಿಗೆ ಅಂದ್ರೆ ವರ್ಷಕ್ಕೆ 1 ಲಕ್ಷ 44 ಸಾವಿರ. ಮುಂದಿನ ಹಳೇ ಮನೆಯನ್ನು ಉಳಿಸಿಕೊಂಡು, ಹಿತ್ತಿಲಲ್ಲಿ ಅಂಥ ನಾಲ್ಕು ಮನೆ ಕಟ್ಟಿದರೆ ತಿಂಗಳಿಗೆ 48,000 ಬರುತ್ತೆ. ನೆಲ ಅಪ್ಪನ ಕಾಲದ್ದು, ಅದಕ್ಕೆ ಸಾಲ ಇಲ್ಲ. ಮಂಕಿ ಟಾಪೂ ಉಳಿಯಿತು, ಪಿಂಚಣಿಯೂ ಆಯ್ತು, ನಾಲ್ಕು ಸಂಸಾರಕ್ಕೆ ಸೂರೂ ಆಯ್ತು. ಇದನ್ನು ಸುಲಭ ಮಾಡಿಕೊಡುವ ನಿಯಮ ಬೇಕು.

ಅದೇ ನೆಲವನ್ನು ಹೊಸದಾಗಿ ಕೊಂಡವರಿಗೆ ಈ ಲೆಕ್ಕ ಕೂಡಲ್ಲ, ಅದನ್ನೂ ಹೇಳಿಬಿಡ್ತೀನಿ. ಚದರಡಿಗೆ 20,000 ಅಂದುಕೊಂಡರೆ 2,400 ಚದರಡಿಗೆ 4 ಕೋಟಿ 80 ಲಕ್ಷ. ಒಂಬತ್ತು ಮನೆಗೆ ಹಂಚಿದರೂ ನೆಲದ ಪಾಲೇ 53 ಲಕ್ಷ ದಾಟುತ್ತೆ. ಹಾಗಾಗಿ ನಿಯಮ ಸಡಿಲಿಸಿದ ಮಾತ್ರಕ್ಕೆ ಎಲ್ಲರಿಗೂ ಮನೆ ಸಿಕ್ಕಿಬಿಡುತ್ತೆ ಅನ್ನೋದು ಸುಳ್ಳು. ನ್ಯೂಜಿಲೆಂಡಿನ ಆಕ್ಲೆಂಡ್ ನಗರ 2016ರಲ್ಲಿ ತನ್ನ ವಸತಿ ಪ್ರದೇಶದ ಸುಮಾರು ಮುಕ್ಕಾಲು ಭಾಗದಲ್ಲಿ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟಿತು. ಐದಾರು ವರ್ಷದಲ್ಲಿ ಮನೆ ಕಟ್ಟುವ ಪರವಾನಗಿಗಳು ಸುಮಾರು ದುಪ್ಪಟ್ಟಾದವು. ಅದು ಒಂದು ಕಾಲು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇರೋದು ನಗರಾಡಳಿತದ ಅಥವಾ ನೆರವು ಪಡೆದ ಸಹಕಾರಿ ಮನೆಗಳಲ್ಲಿ. ಅದು ಇನ್ನೊಂದು ಕಾಲು. ನಡೆಯೋಕೆ ಎರಡೂ ಬೇಕು.

ಹಾಗಾದರೆ ಏನು ಮಾಡಬೇಕು? ನಾಲ್ಕೇ ಮಾತು.

ಒಂದು, ಮೆಟ್ರೋ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಕಟ್ಟುವ ಸಣ್ಣ ಮನೆಗೆ ಕಾರ್ ಪಾರ್ಕಿಂಗ್ ಕಡ್ಡಾಯ ಬೇಡ. ಸ್ಕೂಟರಿಗೆ ಜಾಗ ಸಾಕು. ಕಾರು ಇರೋರು ಬೇಕಾದರೆ ದುಡ್ಡು ಕೊಟ್ಟು ಇಟ್ಟುಕೊಳ್ಳಲಿ. ಬೆಂಕಿಯ ಮೆಟ್ಟಿಲು, ಗಾಳಿ, ಬೆಳಕಿನ ನಿಯಮದಲ್ಲಿ ಮಾತ್ರ ಒಂದಿಂಚೂ ರಿಯಾಯಿತಿ ಇರಬಾರದು.

ಎರಡು, ಹಳೇ ಮನೆ ಉಳಿಸಿಕೊಂಡು ಹಿಂದೆ ಬಾಡಿಗೆ ಮನೆ ಕಟ್ಟುವವರಿಗೆ ಮಂಜೂರಾತಿ ಸುಲಭವಾಗಲಿ, ಶುಲ್ಕ ಕಡಿಮೆಯಾಗಲಿ.

ಮೂರು, ಪ್ರೀಮಿಯಂ ಎಫ್‌ಎಆರ್. ಅಂದ್ರೆ ಸರ್ಕಾರಕ್ಕೆ ದುಡ್ಡು ಕಟ್ಟಿ ಹೆಚ್ಚುವರಿ ಮಹಡಿ ಕಟ್ಟೋದು. ಕೆಲವು ವರ್ಷಗಳಿಂದ ಇದರ ಮಾತು ಜೋರಾಗಿದೆ. ಹಾಗೇ ಮಾರಿಬಿಟ್ಟರೆ ಮೇಲೇಳೋದು ಪೆಂಟ್‌ಹೌಸ್. ಹೆಚ್ಚುವರಿ ಮಹಡಿ ಬೇಕಾದವರು ಅದರಲ್ಲಿ ಒಂದು ಪಾಲು ಸಣ್ಣ ಬಾಡಿಗೆ ಮನೆ ಕಟ್ಟಲೇಬೇಕು ಅಂತ ಷರತ್ತು ಹಾಕಿ.

ನಾಲ್ಕು, ಈ ಭಾಗದಲ್ಲಿ ಸರ್ಕಾರದ ನೆಲ ಎಲ್ಲೆಲ್ಲಿದೆ ಅಂತ ಪಟ್ಟಿ ಹೊರಗೆ ಹಾಕಿ. ಹಾಳುಬಿದ್ದ ಕ್ವಾರ್ಟರ್ಸ್ ಇರುವ ಕಡೆ ಮತ್ತೊಂದು ಕಾಂಪ್ಲೆಕ್ಸ್ ಬೇಡ, ಪೌರಕಾರ್ಮಿಕರಿಗೆ, ನರ್ಸುಗಳಿಗೆ, ಅಂಗಡಿ ಕೆಲಸದವರಿಗೆ ಬಾಡಿಗೆ ಮನೆ ಕಟ್ಟಿ. ಹಾಗೆ ಕಟ್ಟುವ ಮನೆಗಳ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳೋದೂ ಅಷ್ಟೇ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೂಡಿಸಲು ಆಗದೆ ವಾಪಸ್ ಹೋದವರು ಎಷ್ಟು ಜನ ಅಂತ ಯಾವ ನಕ್ಷೆಯೂ ತೋರಿಸಲ್ಲ.

ಇದನ್ನೆಲ್ಲ ಕೇಳೋಕೆ ಸಮಯ ಇದೇ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ಮಾಸ್ಟರ್ ಪ್ಲಾನ್ ಬರಲೇಬೇಕು. ಕರಡು ಬಂದಾಗ ಆಕ್ಷೇಪಣೆ, ಸಲಹೆ ಕೊಡಲು ಕಾನೂನಿನಲ್ಲೇ ಅವಕಾಶ ಇದೆ. ಆದರೆ ಅರ್ಜಿ ಬರೆಯೋರು ಯಾರು? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಾಗಿನಿಂದ ಈ ಊರಿಗೆ ಚುನಾಯಿತ ಕಾರ್ಪೊರೇಟರ್ ಇಲ್ಲ. ನಿವಾಸಿಗಳ ಸಂಘ ಅಂದ್ರೆ ಬಹುತೇಕ ಮನೆ ಮಾಲೀಕರ ಸಂಘ. ಬಾಡಿಗೆದಾರರಿಗೆ ಸಂಘ ಇಲ್ಲ, ಹನ್ನೊಂದು ತಿಂಗಳಿಗೊಮ್ಮೆ ಕರಾರು ಬದಲಾಗೋರಿಗೆ ಸಂಘ ಕಟ್ಟಲು ಪುರುಸೊತ್ತೂ ಇಲ್ಲ. ಇನ್ನು ಇಲ್ಲಿ ಮನೆ ಸಿಗದೆ ಊರಾಚೆ ಹೋದವರು ಈ ವಾರ್ಡಿನ ಸಭೆಗೆ ಬರೋದು ಹೇಗೆ? ಈ ನಿಯಮದಿಂದ ಯಾರಿಗೆ ಅತಿ ಹೆಚ್ಚು ನಷ್ಟವೋ ಅವರ ಹೆಸರು ಈ ವಾರ್ಡಿನ ಮತದಾರರ ಪಟ್ಟಿಯಲ್ಲೇ ಇಲ್ಲ.

ಅದಕ್ಕೇ ಆ ಅರ್ಜಿಯನ್ನು ಅಲ್ಲಿ ಮನೆ ಇರೋ ನೀವು ಬರೆಯಬೇಕು ಅಂತ ಕೇಳ್ತಿದ್ದೀನಿ. ಬರೆಯುವ ಮುಂಚೆ ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ನಿಮ್ಮ ಗೇಟಿನ ಹತ್ತಿರ ಬರುವ ಮೂವರನ್ನು ಕೇಳಿ: ಅಡುಗೆಯವರು, ಹೂವಿನವರು, ಕಸ ತೆಗೆದುಕೊಂಡು ಹೋಗುವವರು. ಎಲ್ಲಿಂದ ಬರ್ತೀರಿ, ಎಷ್ಟು ಹೊತ್ತಿಗೆ ಮನೆ ಬಿಟ್ಟಿರಿ, ಬಾಡಿಗೆ ಎಷ್ಟು, ಮೊದಲು ಎಲ್ಲಿದ್ರಿ? ಉತ್ತರವನ್ನು ಹಾಗೇ ಬರೆದಿಡಿ. ಕರಡು ನಕ್ಷೆ ಬಂದ ದಿನ ನಿಮ್ಮ ಅರ್ಜಿಯ ಮೊದಲ ಪುಟ ಅದೇ ಆಗಲಿ.